ಭಾನುವಾರದ ಪಾತ್ರೆ

ಅಡಿಗೆಗೆ ಅದನ್ನು ಬೇಯಿಸಿದ ಪಾತ್ರೆಯ ಹೆಸರೇ ನಿಂತುಬಿಡುವುದುಂಟು. ಕನ್ನಡ ನಾಡಿನಲ್ಲಿ ತಟ್ಟೆಯಲ್ಲಿ ಬೆಂದದ್ದು ತಟ್ಟೆ ಇಡ್ಲಿಯಾಯಿತು. ಎಲೆಯ ಕೊಟ್ಟೆಯಲ್ಲಿ ಬೆಂದದ್ದು ಕೊಟ್ಟೆ ಕಡುಬಾಯಿತು. ಐರ್ಲೆಂಡಿನ ಮನೆಗಳಲ್ಲಿ ಭಾನುವಾರ ಮಧ್ಯಾಹ್ನ ಊಟದ ಮೇಜಿನ ನಡುವೆ ಬಂದು ಕೂರುವ ‘ಕ್ಯಾಸರೋಲ್’ ಕೂಡ ಇಂಥದೇ ಒಂದು ಹೆಸರು. ಮೂಲತಃ ಅದು ಫ್ರೆಂಚರ ಮಾತು, ಅಡಿಗೆಯ ಪಾತ್ರೆಗೆ ಹೇಳುವುದು. ಕಡಲು ದಾಟಿ ಬಂದ ಮೇಲೆ, ಭಾರವಾದ ಮುಚ್ಚಳವುಳ್ಳ ದಪ್ಪ ಪಾತ್ರೆಗೂ ಅದರೊಳಗೆ ಗಂಟೆಗಟ್ಟಲೆ ಬೆಂದ ಪದಾರ್ಥಕ್ಕೂ ಒಂದೇ ಹೆಸರು ಸಂದಿತು. ದನದ ಮಾಂಸ, ಈರುಳ್ಳಿ, ಗಜ್ಜರಿ, ಒಂದು ಬಾಟಲಿ ಕಪ್ಪು ಬಿಯರು — ಇಷ್ಟೇ ಅದರ ಸಾಮಗ್ರಿ. ಉಳಿದದ್ದೆಲ್ಲ ತಾಳ್ಮೆ.

ಈ ಅಡಿಗೆ ವಾಚಕರಲ್ಲಿ ಅನೇಕರ ಮನೆಗೆ ಹೊಂದತಕ್ಕದ್ದಲ್ಲ. ಅದರ ಎರಡು ಮುಖ್ಯ ಸಾಮಗ್ರಿಗಳಲ್ಲಿ ಒಂದನ್ನು ಕೆಲವರು ಮುಟ್ಟರು, ಇನ್ನೊಂದನ್ನು ಇನ್ನು ಕೆಲವರು ಮುಟ್ಟರು. ಎರಡನ್ನೂ ಮುಟ್ಟದವರೇ ಬಹುಮಂದಿ. ಆದರೆ ಪರರ ಒಲೆಯ ಮೇಲೆ ಏನು ಬೇಯುತ್ತಿದೆಯೆಂದು ತಿಳಿಯುವುದಕ್ಕೂ ಅದನ್ನು ಉಣ್ಣುವುದಕ್ಕೂ ಬಹಳ ಅಂತರವುಂಟು. ಒಂದು ಜನಾಂಗದ ಸುಖದುಃಖಗಳು ಅದರ ಅರಮನೆಗಳಿಗಿಂತ ಅಡಿಗೆಮನೆಗಳಲ್ಲಿ ಹೆಚ್ಚು ನಿಚ್ಚಳವಾಗಿ ಕಾಣುತ್ತವೆ. ಅಲ್ಲದೆ ಈ ಪಾತ್ರೆಯೊಳಗಿರುವ ಎರಡೂ ವಸ್ತುಗಳು, ಅಂದರೆ ದನವೂ ಬಿಯರೂ, ಐರಿಷ್ ಜನರ ಬಾಳಿನಲ್ಲಿ ಎಂದೂ ಸರಳ ಸಂಗತಿಗಳಾಗಿರಲಿಲ್ಲ.

ದನದ ಮಾತನ್ನೇ ಮೊದಲು ನೋಡಬಹುದು. ಹಸುವಿಗೆ ಐರಿಷ್ ಭಾಷೆಯಲ್ಲಿ ‘ಬೋ’ ಎನ್ನುತ್ತಾರೆ. ಈ ‘ಬೋ’ ಮತ್ತು ಸಂಸ್ಕೃತದ ‘ಗೋ’ ಒಂದೇ ಮೂಲದಿಂದ ಕವಲೊಡೆದ ಅಕ್ಕತಂಗಿಯರು ಎಂಬುದು ಭಾಷಾಶಾಸ್ತ್ರಜ್ಞರು ಒಪ್ಪಿದ ಮಾತು. ಆ ಭಾಷೆಯಲ್ಲಿ ರಸ್ತೆಗೆ ‘ಬೋಹರ್’ ಎಂದು ಹೆಸರು. ಅದು ಹಸುಗಳು ನಡೆಯುವ ದಾರಿ. ಹುಡುಗನಿಗೆ ‘ಬೂಖಲ್’ ಎಂದು ಹೆಸರು. ಹಿಂದೆ ಆ ಪದಕ್ಕೆ ದನಕಾಯುವವನೆಂದೇ ಅರ್ಥ. ಪ್ರಾಚೀನ ಐರ್ಲೆಂಡಿನ ಧರ್ಮಶಾಸ್ತ್ರಗಳಲ್ಲಿ ದಂಡವನ್ನೂ ಕಾಣಿಕೆಯನ್ನೂ ಮನುಷ್ಯನ ಮಾನದ ಬೆಲೆಯನ್ನೂ ಕರೆಯುವ ಹಸುಗಳ ಲೆಕ್ಕದಲ್ಲಿಯೇ ಹೇಳುತ್ತಿದ್ದರು. ‘ಗೋಧನ’ ಎಂಬ ಮಾತನ್ನು ಬಲ್ಲ ಕನ್ನಡಿಗನಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು.

ಅವರ ಅತಿ ಪ್ರಸಿದ್ಧವಾದ ಪುರಾಣಕಥೆಯ ವಸ್ತುವೂ ತುರುಗೊಳ್ಳುವ ವೃತ್ತಾಂತವೇ. ಕನಾಕ್ಟ್ ದೇಶದ ರಾಣಿ ಮೇವ್ ಒಂದು ರಾತ್ರಿ ಗಂಡನೊಡನೆ ತಮ್ಮಿಬ್ಬರಲ್ಲಿ ಯಾರ ಸಂಪತ್ತು ಹೆಚ್ಚೆಂದು ಲೆಕ್ಕ ಹಾಕುತ್ತಾಳೆ. ಎಲ್ಲವೂ ಸರಿಸಮ, ಆದರೆ ಗಂಡನ ಬಳಿ ಒಂದು ಬಿಳಿ ಕೋಡಿನ ಹೋರಿ ಹೆಚ್ಚಾಗಿದೆ. ಅದಕ್ಕೆ ಸಮನಾದ ಹೋರಿ ಅಲ್‌ಸ್ಟರಿನ ಕೂಲಿ ಎಂಬಲ್ಲಿ ಇದೆಯೆಂದು ಕೇಳಿ, ಅದನ್ನು ಹಿಡಿದು ತರಲು ಸೈನ್ಯವನ್ನೇ ಕಟ್ಟಿಕೊಂಡು ಹೊರಡುತ್ತಾಳೆ. ಎದುರಿಗೆ ನಿಲ್ಲುವವನು ಕುಹುಲಿನ್ ಎಂಬ ಒಬ್ಬನೇ ತರುಣ ವೀರ. ವಿರಾಟನ ಗೋವುಗಳಿಗಾಗಿ ನಡೆದ ಕಾಳಗವನ್ನು ಕೇಳಿ ಬೆಳೆದವರಿಗೆ, ಊರ ತುರುಗಳನ್ನು ಬಿಡಿಸಿ ಮಡಿದವರ ವೀರಗಲ್ಲುಗಳನ್ನು ಹೊಲದ ಬದುವಿನಲ್ಲಿ ಕಂಡವರಿಗೆ, ಆ ದೂರದ ದ್ವೀಪದ ಕಥೆ ಪಕ್ಕದ ಊರಿನದೆಂಬಂತೆ ತೋರುತ್ತದೆ.

ಇಷ್ಟು ಬೆಲೆಯುಳ್ಳ ಪ್ರಾಣಿಯನ್ನು ದಿನನಿತ್ಯ ಕೊಂದು ತಿನ್ನುವವರು ಯಾರು? ಹಳೆಯ ಐರಿಷರ ಮುಖ್ಯ ಆಹಾರ ಹಾಲು, ಮೊಸರು, ಬೆಣ್ಣೆ, ಗಿಣ್ಣು, ಓಟ್ಸ್ ಧಾನ್ಯದ ಗಂಜಿ. ಹಾಲಿನಿಂದ ಆದ ಪದಾರ್ಥಗಳಿಗೆಲ್ಲ ಅವರು ‘ಬಿಳಿಯ ಊಟ’ ಎಂಬ ಹೆಸರನ್ನೇ ಇಟ್ಟಿದ್ದರು. ದನದ ಮಾಂಸ ದೊರೆಗಳ ಔತಣಕ್ಕೆ ಸಂದದ್ದು. ಬಡ ಒಕ್ಕಲಿನವನು ಹಸುವನ್ನು ಕಾಯುತ್ತಿದ್ದನೇ ಹೊರತು ಕಡಿಯುತ್ತಿರಲಿಲ್ಲ.

ಮುಂದೆ ಕಾಲ ಬದಲಾಯಿತು, ದನಗಳೂ ಹೆಚ್ಚಿದವು, ಬಡವನ ತಟ್ಟೆ ಮಾತ್ರ ಬದಲಾಗಲಿಲ್ಲ. ಇಂಗ್ಲೆಂಡಿನ ಪಾರ್ಲಿಮೆಂಟು ತನ್ನ ರೈತರ ಹಿತಕ್ಕಾಗಿ 1663ರಲ್ಲಿ ಐರಿಷ್ ದನಗಳ ಮೇಲೆ ಭಾರಿ ಸುಂಕ ಹೇರಿತು. 1667ರಲ್ಲಿ ಅವುಗಳ ಆಮದನ್ನೇ ನಿಷೇಧಿಸಿತು. ಜೀವಂತ ದನವನ್ನು ಮಾರುವ ದಾರಿ ಮುಚ್ಚಿದಾಗ ವರ್ತಕರು ಮಾಂಸಕ್ಕೆ ಉಪ್ಪು ಹಾಕಿ ಪೀಪಾಯಿಗಳಲ್ಲಿ ತುಂಬತೊಡಗಿದರು. ದಕ್ಷಿಣ ತೀರದ ಕಾರ್ಕ್ ನಗರ ಈ ವ್ಯಾಪಾರದ ತವರಾಯಿತು. ಅಲ್ಲಿಂದ ಹೊರಟ ಪೀಪಾಯಿಗಳು ಬ್ರಿಟಿಷ್ ನೌಕಾಪಡೆಯನ್ನು ಸಾಕಿದವು. ಅಟ್ಲಾಂಟಿಕ್ ದಾಟಿ ವೆಸ್ಟ್ ಇಂಡೀಸಿನ ತೋಟಗಳಿಗೂ ಹೋದವು. ಮೇಯಿಸಿದವನು, ಕಡಿದವನು, ಉಪ್ಪು ಸವರಿದವನು ಮನೆಗೆ ಬಂದು ಆಲೂಗೆಡ್ಡೆ ತಿಂದನು.

ಆ ಆಲೂಗೆಡ್ಡೆಯೂ ಒಂದು ದಿನ ಕೈಬಿಟ್ಟಿತು. 1845ರಲ್ಲಿ ಬಂದ ಅಂಗಮಾರಿ ರೋಗ ಹೊಲದಲ್ಲಿದ್ದ ಬೆಳೆಯನ್ನು ಕೊಳೆಸಿತು. ಮರುವರ್ಷ ಮತ್ತೆ ಕೊಳೆಸಿತು. ಆ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಮಂದಿ ಹಸಿವಿನಿಂದಲೂ ಅದರ ಬೆನ್ನುಹತ್ತಿ ಬಂದ ಜ್ವರಗಳಿಂದಲೂ ಸತ್ತರು. ಹೆಚ್ಚುಕಡಿಮೆ ಅಷ್ಟೇ ಮಂದಿ ಹಡಗು ಹತ್ತಿ ದೇಶ ಬಿಟ್ಟರು. 1841ರ ಗಣತಿಯಲ್ಲಿ ಸುಮಾರು 82 ಲಕ್ಷವಿದ್ದ ಜನಸಂಖ್ಯೆ 1851ರಲ್ಲಿ ಸುಮಾರು 65 ಲಕ್ಷಕ್ಕೆ ಇಳಿದಿತ್ತು. ಆ ವರ್ಷಗಳಲ್ಲಿಯೂ ಐರ್ಲೆಂಡಿನ ಬಂದರುಗಳಿಂದ ದನಗಳನ್ನು ತುಂಬಿಕೊಂಡ ಹಡಗುಗಳು ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು. ಇದನ್ನು ಆ ಜನ ಇಂದಿಗೂ ಮರೆತಿಲ್ಲ. ಈಗ ಆ ದೇಶದಲ್ಲಿ ಜನರಿಗಿಂತ ದನಗಳ ಸಂಖ್ಯೆಯೇ ಹೆಚ್ಚು. ಆದರೂ ಅಲ್ಲಿಯ ದನದ ಮಾಂಸದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹೊರದೇಶಗಳಿಗೇ ಹೋಗುತ್ತದೆ.

ಆದ್ದರಿಂದ ಭಾನುವಾರದ ಈ ಪಾತ್ರೆ ಅನಾದಿಕಾಲದ್ದೇನೂ ಅಲ್ಲ. ಹಳೆಯ ‘ಐರಿಷ್ ಸ್ಟ್ಯೂ’ ಎಂಬುದು ಕುರಿಯ ಮಾಂಸ, ಆಲೂಗೆಡ್ಡೆ, ಈರುಳ್ಳಿ ಸೇರಿದ ತೆಳುವಾದ ಬೇಯಿಸಿದ ಪದಾರ್ಥ. ದನದ ಮಾಂಸವನ್ನು ಬಿಯರಿನಲ್ಲಿ ಬೇಯಿಸುವಷ್ಟು ಕೈ ಸಡಿಲವಾದದ್ದು ಬಹಳ ಈಚೆಗೆ. ಬಡವನ ಮೊಮ್ಮಗಳು ಮಾಂಸದಂಗಡಿಗೆ ಹೋಗಿ, ಕೈಚೀಲದಿಂದ ಕಾಸು ತೆಗೆದು, ‘ಎರಡು ಪೌಂಡು ಕೊಡಿ’ ಎಂದು ತಲೆಯೆತ್ತಿ ಕೇಳಿದ ದಿನ ಹುಟ್ಟಿದ ಅಡಿಗೆ ಇದು ಎನ್ನಬಹುದು. ಭಾನುವಾರ ಆ ಪಾತ್ರೆಯನ್ನು ಮೇಜಿನ ಮೇಲಿಡುವಾಗ ಮನೆಯ ಹಿರಿಯಳ ಮುಖದಲ್ಲಿ ತೋರುವ ಗತ್ತಿಗೆ ಇದೇ ಕಾರಣ.

ಇನ್ನು ಮಾಡುವ ಕ್ರಮ. ಆರು ಮಂದಿಗೆ ಒಂದು ಕಿಲೋ ಮಾಂಸ ಬೇಕು. ಮೃದುವಾದ ದುಬಾರಿ ತುಂಡು ಇಲ್ಲಿ ಕೆಲಸಕ್ಕೆ ಬಾರದು. ಅದು ಬೇಗ ಬೆಂದು ನಾರಾಗುತ್ತದೆ. ದುಡಿದು ಗಟ್ಟಿಯಾದ ಕಾಲಿನದೋ ಹೆಗಲಿನದೋ ಅಗ್ಗದ ಮಾಂಸವೇ ಲೇಸು. ಅದರಲ್ಲಿ ಕೊಲಾಜನ್ ಎಂಬ ಗಡುಸಾದ ಅಂಟುನಾರು ತುಂಬಿರುತ್ತದೆ. ಹಲವು ಗಂಟೆಗಳ ಮಂದವಾದ ಕಾವಿನಲ್ಲಿ ಅದು ಕರಗಿ ಜಿಲಟಿನ್ ಆಗಿ, ಸಾರಿಗೆ ಮೈಕಟ್ಟನ್ನೂ ಹೊಳಪನ್ನೂ ಕೊಡುತ್ತದೆ. ಒರಟಾದದ್ದು ತಾಳ್ಮೆಯ ಮುಂದೆ ಮೃದುವಾಗುವ ಸಂಗತಿ ಅಡಿಗೆಮನೆಯಲ್ಲಿ ಹೊಸದಲ್ಲವಷ್ಟೆ.

ಮಾಂಸವನ್ನು ಒಂದೂವರೆ ಅಂಗುಲದ ತುಂಡುಗಳಾಗಿ ಹೆಚ್ಚಿ, ಬಟ್ಟೆಯಿಂದ ಒತ್ತಿ ತೇವ ತೆಗೆದು, ಉಪ್ಪು ಮೆಣಸಿನಪುಡಿ ಬೆರೆಸಿದ ಎರಡು ಚಮಚ ಮೈದಾ ಹಿಟ್ಟಿನಲ್ಲಿ ಹೊರಳಿಸುತ್ತಾರೆ. ಬೀಡುಕಬ್ಬಿಣದ ಪಾತ್ರೆಯಲ್ಲಿ ಎಣ್ಣೆ ಚೆನ್ನಾಗಿ ಕಾದ ಮೇಲೆ ನಾಲ್ಕಾರು ತುಂಡುಗಳನ್ನು ಮಾತ್ರ ಹಾಕಬೇಕು. ಒಮ್ಮೆಗೇ ಎಲ್ಲವನ್ನೂ ಸುರಿದರೆ ಮಾಂಸ ನೀರೊಡೆದು ಬೇಯುತ್ತದೆ, ಕೆಂಪಗಾಗುವುದಿಲ್ಲ. ಕೆಂಪಗಾಗುವುದರಲ್ಲಿಯೇ ಗುಟ್ಟಿರುವುದು. ಕಾವು ನೀರಿನ ಕುದಿಬಿಂದುವನ್ನು ದಾಟಿ 140 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಮಾಂಸದ ಸಸಾರಜನಕಾಂಶವೂ ಸಕ್ಕರೆಯ ಅಂಶವೂ ಕೂಡಿ ನೂರಾರು ಹೊಸ ಸುವಾಸನೆಗಳನ್ನು ಹುಟ್ಟಿಸುತ್ತವೆ. ಮೈಯಾರ್ ಎಂಬ ಫ್ರೆಂಚ್ ವಿಜ್ಞಾನಿ ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದ. ರವೆಯನ್ನೂ ಕಾಫಿಬೀಜವನ್ನೂ ಹದವಾಗಿ ಹುರಿಯಬಲ್ಲ ಗೃಹಿಣಿಗೆ ಈ ವಿದ್ಯೆ ಹೆಸರಿಲ್ಲದೆಯೇ ಗೊತ್ತು.

ಹುರಿದ ತುಂಡುಗಳನ್ನು ತೆಗೆದಿರಿಸಿ ಅದೇ ಪಾತ್ರೆಯಲ್ಲಿ ಎರಡು ದೊಡ್ಡ ಈರುಳ್ಳಿ, ಮೂರು ಗಜ್ಜರಿ, ಎರಡು ಎಸಳು ಬೆಳ್ಳುಳ್ಳಿ, ಪಾರ್ಸ್ನಿಪ್ ಎಂಬ ಬಿಳಿಯ ಗೆಡ್ಡೆ — ಇವನ್ನು ಬಾಡಿಸುತ್ತಾರೆ. ಒಂದು ಚಮಚ ಟೊಮೇಟೊ ಗಟ್ಟಿರಸವನ್ನು ಸೇರಿಸುವುದೂ ಉಂಟು. ಆಮೇಲೆ ಬಿಯರು, ಸುಮಾರು ಅರ್ಧ ಲೀಟರು. ಅದು ಬಿದ್ದೊಡನೆ ಭುಸ್ಸೆಂದು ನೊರೆ ಏಳುತ್ತದೆ. ಪಾತ್ರೆಯ ತಳಕ್ಕೆ ಕಚ್ಚಿದ ಕಂದು ಹೊಪ್ಪಳೆಯನ್ನೆಲ್ಲ ಮರದ ಸೌಟಿನಿಂದ ಕೆರೆದು ಅದರಲ್ಲಿ ಕರಗಿಸಬೇಕು. ತಳ ಹಿಡಿಯಿತೆಂದು ಇಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ. ರುಚಿಯ ಅರ್ಧಭಾಗ ಆ ತಳದಲ್ಲಿಯೇ ಇರುತ್ತದೆ. ಮಾಂಸವನ್ನು ಹಿಂದಕ್ಕೆ ಹಾಕಿ, ಮುಳುಗುವಷ್ಟು ಎಲುಬಿನ ಸಾರು ಹೊಯ್ದು, ಥೈಮ್ ಎಂಬ ಸುವಾಸನೆಯ ಸೊಪ್ಪಿನ ಎರಡು ಕಡ್ಡಿ, ಎರಡು ಬೇ ಎಲೆ ಹಾಕಿ ಮುಚ್ಚುತ್ತಾರೆ. 150 ಡಿಗ್ರಿ ಕಾವಿನ ಓವನ್ನಿನಲ್ಲಿ ಎರಡೂವರೆ ಗಂಟೆ. ಕುದಿಯಬಾರದು, ಮಿಸುಕುತ್ತಿರಬೇಕು. ಕೊನೆಗೆ ಬೆಣ್ಣೆ ಹಾಲು ಬೆರೆಸಿ ನುರಿದ ಆಲೂಗೆಡ್ಡೆಯೊಡನೆ ಬಡಿಸುತ್ತಾರೆ. ಮರುದಿನಕ್ಕೆ ಉಳಿದರೆ ರುಚಿ ಇನ್ನೂ ಕೂಡಿಬರುತ್ತದೆ, ಹುಳಿಯ ಹಾಗೆ.

ವಿದ್ಯುತ್ತು ಬರುವ ಮೊದಲೂ ಹಳ್ಳಿಗಳಲ್ಲಿ ಇಂಥ ಕಾವು ಇರಲಿಲ್ಲವೆಂದಲ್ಲ. ಜೌಗುನೆಲದಿಂದ ಕಡಿದು ಒಣಗಿಸಿದ ಪೀಟ್ ಹೆಂಟೆಗಳ ಬೆಂಕಿಯ ಮೇಲೆ ಕಬ್ಬಿಣದ ಪಾತ್ರೆಯನ್ನು ತೂಗಹಾಕಿ, ಅದರ ಮುಚ್ಚಳದ ಮೇಲೂ ಕೆಂಡ ಹರಡುತ್ತಿದ್ದರು. ಮೇಲೆ ಕೆಂಡ, ಕೆಳಗೆ ಕೆಂಡ; ನಡುವೆ ಬ್ರೆಡ್ಡೂ ಬೇಯುತ್ತಿತ್ತು, ಮಾಂಸವೂ ಬೇಯುತ್ತಿತ್ತು. ಗ್ರಾಮಗಳಿಗೆ ವಿದ್ಯುತ್ ಕೊಡುವ ಯೋಜನೆ ಅಲ್ಲಿ 1946ರಲ್ಲಿ ಪ್ರಾರಂಭವಾಯಿತು. 1964ರಲ್ಲಿ ಮಿರ್ಟಲ್ ಆಲೆನ್ ಎಂಬ ರೈತನ ಪತ್ನಿ ಕಾರ್ಕ್ ಜಿಲ್ಲೆಯ ತಮ್ಮ ತೋಟದ ಮನೆಯಲ್ಲಿಯೇ ಉಪಾಹಾರಗೃಹ ತೆರೆದು, ಸುತ್ತಲ ಹೊಲದ ತರಕಾರಿ, ಹತ್ತಿರದ ಕಡಲಿನ ಮೀನು, ಮನೆಯ ಬೆಣ್ಣೆಗಳಿಂದಲೇ ಅಡಿಗೆ ಮಾಡಿ ಬಡಿಸಿದರು. ತಮ್ಮ ಮನೆಯ ಅಡಿಗೆಯನ್ನು ಪರದೇಶದವರ ಮುಂದೆ ಇಡಲು ನಾಚುತ್ತಿದ್ದ ಜನಕ್ಕೆ ಅದರಿಂದ ಒಂದು ಧೈರ್ಯ ಬಂತು.

ಉಳಿದದ್ದು ಬಿಯರಿನ ಮಾತು. ಈ ಅಡಿಗೆಗೆ ಬಳಸುವುದು ‘ಸ್ಟೌಟ್’ ಎಂಬ ಕಪ್ಪು ಬಗೆ. ಬಾರ್ಲಿಯನ್ನು ಕಾಫಿಬೀಜದಂತೆ ಕಪ್ಪಗೆ ಹುರಿದು ಸೇರಿಸುವುದರಿಂದ ಆ ಬಣ್ಣವೂ ಆ ಕಹಿಯೂ ಬರುತ್ತವೆ. ಆರ್ಥರ್ ಗಿನ್ನೆಸ್ 1759ರಲ್ಲಿ ಡಬ್ಲಿನ್ನಿನ ಒಂದು ಹಳೆಯ ಭಟ್ಟಿಯನ್ನು ವರ್ಷಕ್ಕೆ 45 ಪೌಂಡಿನಂತೆ 9,000 ವರ್ಷಗಳಿಗೆ ಗುತ್ತಿಗೆ ಹಿಡಿದ. ಅಷ್ಟು ವರ್ಷ ತನ್ನ ದೇಶದವರಿಗೆ ಬಾಯಾರಿಕೆ ಇರುವುದೆಂದು ಅವನಿಗೆ ನಂಬಿಕೆ ಇದ್ದಿರಬೇಕು! ಕಾರ್ಕಿನವರು ಮಾತ್ರ ಡಬ್ಲಿನ್ನಿನ ಸರಕಿಗೆ ಸುಲಭವಾಗಿ ತಲೆಬಾಗುವವರಲ್ಲ. ಅವರಿಗೆ 1792ರಲ್ಲಿ ಹುಟ್ಟಿದ ಬೀಮಿಷ್, 1856ರಲ್ಲಿ ಹುಟ್ಟಿದ ಮರ್ಫಿ ಎಂಬ ತಮ್ಮ ಊರಿನವೇ ಎರಡು ಹೆಸರುಗಳಿವೆ.

ಆದರೆ ಅದೇ ಕಾರ್ಕ್ ನಗರದ ಮುಖ್ಯ ಬೀದಿಯಲ್ಲಿ ಮದ್ಯವನ್ನು ಬಿಡಿಸಿದವನ ಪ್ರತಿಮೆಯೂ ನಿಂತಿದೆ. ಥಿಯೊಬಾಲ್ಡ್ ಮ್ಯಾಥ್ಯೂ ಎಂಬ ಪಾದ್ರಿ 1838ರಲ್ಲಿ ಅಲ್ಲಿ ಪಾನವಿರೋಧಿ ಚಳುವಳಿಯನ್ನು ಹೂಡಿದಾಗ ಲಕ್ಷಾಂತರ ಜನ ಅವನ ಮುಂದೆ ಆಣೆಯಿಟ್ಟರು. 1898ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿದ ‘ಪಯೊನೀರ್’ ಸಂಘದವರು ಜೀವನಪರ್ಯಂತ ಮದ್ಯ ಮುಟ್ಟುವುದಿಲ್ಲವೆಂದು ಶಪಥ ಮಾಡಿ ಎದೆಯ ಮೇಲೆ ಒಂದು ಸಣ್ಣ ಪಿನ್ನು ಧರಿಸುತ್ತಾರೆ. ಐರಿಷರೆಂದರೆ ಕುಡುಕರೆಂದು ನಗುವವರು ಈ ಪಿನ್ನನ್ನು ಕಂಡಿರುವುದಿಲ್ಲ. ಮಾಂಸವನ್ನೂ ಮದ್ಯವನ್ನೂ ಎರಡನ್ನೂ ದೂರವಿಟ್ಟು ತೊಂಬತ್ತನಾಲ್ಕು ವರ್ಷ ಬಾಳಿದ ಬರ್ನಾರ್ಡ್ ಷಾ ಕೂಡ ಡಬ್ಲಿನ್ನಿನಲ್ಲಿ ಹುಟ್ಟಿದವರೇ. ಭಾರತಕ್ಕೆ ಬಂದು 1927ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನವನ್ನು ಕಟ್ಟಲು ಶ್ರಮಿಸಿದ ಮಾರ್ಗರೆಟ್ ಕಸಿನ್ಸ್ ಐರ್ಲೆಂಡಿನ ಬಾಯ್ಲ್ ಎಂಬ ಊರಿನ ಮಗಳು, ಆಕೆಯೂ ಸಸ್ಯಾಹಾರಿ.

ಕುಡಿತ ಮತ್ತು ಬಿಡುಗಡೆ ಎರಡೂ ಒಂದೇ ಬೀದಿಯಲ್ಲಿ, ಅನೇಕ ವೇಳೆ ಒಂದೇ ಮನೆಯಲ್ಲಿ ವಾಸಿಸುವ ನಾಡಿನಲ್ಲಿ, ಪಾತ್ರೆಗೆ ಹೊಯ್ಯುವ ಒಂದು ಬಾಟಲಿ ಬರಿಯ ಮಸಾಲೆಯಾಗಿ ಉಳಿಯುವುದಿಲ್ಲ.

ಕಾರ್ಕಿನ ಉತ್ತರದ ದಿಣ್ಣೆಯ ಮೇಲೆ, ಕಡಿದಾದ ಓಣಿಯೊಂದರಲ್ಲಿ, ಅರವತ್ತು ದಾಟಿದ ಒಬ್ಬ ವಿಧವೆ ಇದ್ದಾಳೆ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಅವಳಿಗೆ ತಾಯಿಯಿಂದ ಬಂದ ಆಸ್ತಿಯೆಂದರೆ ಒಂದು ಬೀಡುಕಬ್ಬಿಣದ ಪಾತ್ರೆ ಮತ್ತು ಎಣ್ಣೆಯ ಕಲೆಗಳಿಂದ ಅರೆಪಾರದರ್ಶಕವಾದ ಒಂದು ಅಡಿಗೆಯ ಪುಸ್ತಕ. ಭಾನುವಾರದ ಅಡಿಗೆಯ ಪುಟದಲ್ಲಿ ತಾಯಿಯ ಓರೆಯಕ್ಷರದಲ್ಲಿ ‘ಸ್ಟೌಟ್, ಒಂದು ಬಾಟಲಿ’ ಎಂದು ಬರೆದಿದೆ. ಆ ತಾಯಿ ಒಂದು ಗುಟುಕನ್ನೂ ಕುಡಿದವಳಲ್ಲ. ಮನೆಯಲ್ಲಿ ಬಾಟಲಿ ತೆರೆಯುತ್ತಿದ್ದದ್ದು ಆ ಪಾತ್ರೆಗಾಗಿ ಮಾತ್ರ.

ಈ ಹೆಂಗಸಿಗೆ ಒಬ್ಬ ತಮ್ಮ. ಮರಗೆಲಸದಲ್ಲಿ ಕುಶಲಿ, ನಗೆಗಾರ, ಕುಡುಕ. ಕುಡಿತ ಮೊದಲು ಅವನ ಸಂಜೆಗಳನ್ನು ತಿಂದಿತು, ಆಮೇಲೆ ಕೆಲಸವನ್ನು, ಕಡೆಗೆ ಹೆಂಡತಿಯನ್ನೂ ಮಕ್ಕಳನ್ನೂ ದೂರ ಮಾಡಿತು. ಒಂದು ಕ್ರಿಸ್‌ಮಸ್ ದಿನ ಅಕ್ಕನ ಮನೆಯ ಮೇಜಿನ ಮುಂದೆಯೇ ಆಡಬಾರದ ಮಾತುಗಳನ್ನಾಡಿ ಎದ್ದುಹೋದವನು ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ. ಆಮೇಲೆ ಅವನು ಕುಡಿತ ಬಿಟ್ಟ. ಬಿಟ್ಟು ನಾಲ್ಕು ವರ್ಷವಾಯಿತು. ಬಿಟ್ಟವರ ಕೂಟಕ್ಕೆ ವಾರವಾರವೂ ಹೋಗುತ್ತಾನೆಂದು ಅಕ್ಕನಿಗೆ ಇತರರಿಂದ ತಿಳಿದಿತ್ತು. ಕಡೆಗೊಂದು ದಿನ ಅವನೇ ದೂರವಾಣಿಯಲ್ಲಿ ಮಾತನಾಡಿದ. ಭಾನುವಾರ ಊಟಕ್ಕೆ ಬಾ ಎಂದಳು ಅಕ್ಕ. ಬರುತ್ತೇನೆ ಎಂದ.

ಅಂದಿನಿಂದ ಅವಳಿಗೆ ನಿದ್ರೆಯಿಲ್ಲ. ಏನು ಅಡಿಗೆ ಮಾಡಬೇಕೆಂಬ ಪ್ರಶ್ನೆಯೇ ಇರಲಿಲ್ಲ; ಭಾನುವಾರ ಆ ಮನೆಯಲ್ಲಿ ಬೇರೊಂದು ಅಡಿಗೆ ಆದದ್ದೇ ಇಲ್ಲ. ಆದರೆ ಬಾಟಲಿ?

ಮಗಳು ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿ ಕೆಲಸ ಮಾಡುವವಳು, ಲೆಕ್ಕದವಳು. ಅವಳು ಕಾಗದ ತೆಗೆದು ಬರೆದೇಬಿಟ್ಟಳು. ಮದ್ಯಸಾರ 78 ಡಿಗ್ರಿಗೆ ಕುದಿಯುತ್ತದೆ. ಆದರೆ ನೀರಿನೊಡನೆ ಬೆರೆತಾಗ ಅದು ಒಮ್ಮೆಗೇ ಹಾರಿಹೋಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ ಕಾಲು ಗಂಟೆ ಬೆಂದ ಪದಾರ್ಥದಲ್ಲಿ ನೂರಕ್ಕೆ 40 ಪಾಲು ಉಳಿದಿರುತ್ತದೆ. ಒಂದು ಗಂಟೆಗೆ 25. ಎರಡೂವರೆ ಗಂಟೆಗೆ 5. ಮುಚ್ಚಳ ಬಿಗಿಯಾಗಿದ್ದರೆ ಇನ್ನಷ್ಟು ಉಳಿಯಬಹುದು. ಅರ್ಧ ಲೀಟರು ಸ್ಟೌಟಿನಲ್ಲಿರುವುದು 21 ಮಿಲಿಲೀಟರು ಮದ್ಯಸಾರ. ಎರಡೂವರೆ ಗಂಟೆಯ ಮೇಲೆ ಉಳಿಯುವುದು ಸುಮಾರು ಒಂದು ಮಿಲಿಲೀಟರು. ಆರು ತಟ್ಟೆಗೆ ಹಂಚಿದರೆ ತಲೆಗೆ ಮೂರು ನಾಲ್ಕು ಹನಿ.

“ಮೂರು ಹನಿಯಿಂದ ಏನಾದೀತಮ್ಮ?” ಎಂದಳು ಮಗಳು.

“ನಿನ್ನ ಲೆಕ್ಕ ಸರಿಯಾಗಿದೆ ಮಗು. ಆದರೆ ಆ ವಾಸನೆ ಬಾಗಿಲಲ್ಲೇ ಅವನನ್ನು ಹಿಡಿದು ನಿಲ್ಲಿಸಿದರೆ? ಅದು ನಿನ್ನ ಲೆಕ್ಕದಲ್ಲಿ ಎಲ್ಲಿದೆ?”

ಮಗಳು ಸುಮ್ಮನಾದಳು. ಹಾಗಾದರೆ ಬಿಯರು ಹಾಕಿ, ಹೇಳದೆ ಬಡಿಸಿದರಾಯಿತು ಎಂದ ಅಳಿಯ. ಅದಂತೂ ತಾಯಿಗೆ ಕೇಳಲೂ ಆಗಲಿಲ್ಲ. ನಾಲ್ಕು ವರ್ಷ ದಿನದಿನವೂ ಎಣಿಸಿ ಬದುಕಿದವನಿಗೆ ಅವನಿಗೆ ತಿಳಿಯದಂತೆ ಒಂದು ಹನಿಯನ್ನು ಉಣಿಸುವುದು ಮೋಸ. ಹೇಳಿ ಬಡಿಸಿದರೆ ಅದು ಪರೀಕ್ಷೆಯಾದೀತು. ಹಾಕದೆ ಬಿಟ್ಟರೆ? ಅದರಲ್ಲಿಯೂ ಒಂದು ಮುಳ್ಳಿತ್ತು. ತಾಯಿಯ ಅಡಿಗೆಯನ್ನು ತನ್ನೊಬ್ಬನಿಗಾಗಿ ಕೆಡಿಸಿದರೆಂದು ಅವನು ಕುಗ್ಗಬಹುದು. ಎಲ್ಲರ ನಡುವೆ ತಾನೊಬ್ಬ ರೋಗಿಯೆಂಬಂತೆ ಅವನಿಗೆ ತೋರಬಹುದು.

ಕೊನೆಗೆ ಅವಳು ಅವನನ್ನೇ ಕೇಳಿದಳು. ದೂರವಾಣಿಯ ಆ ಕೊನೆಯಲ್ಲಿ ಬಹಳ ಹೊತ್ತು ಮೌನ.

“ನನಗಾಗಿ ಏನನ್ನೂ ಬದಲಾಯಿಸಬೇಡ, ಅಕ್ಕ” ಎಂದ ಅವನು. ತುಸು ತಡೆದು, “ಆದರೆ ಕೇಳಿದೆಯಲ್ಲ, ಅಷ್ಟು ಸಾಕು” ಎಂದ.

ಮೊದಲ ಮಾತನ್ನು ಕೇಳಬೇಕೋ ಎರಡನೆಯದನ್ನೋ ಎಂದು ಅವಳು ಶನಿವಾರ ರಾತ್ರಿಯವರೆಗೂ ಯೋಚಿಸಿದಳು. ಭಾನುವಾರ ಬೆಳಗ್ಗೆ ಪಾತ್ರೆಯನ್ನು ಒಲೆಯ ಮೇಲಿಟ್ಟಾಗ ಅವಳ ಕೈ ಹೋದದ್ದು ಬಾರ್ಲಿಯ ಡಬ್ಬಿಗೆ. ಸ್ಟೌಟಿನ ಕಪ್ಪೂ ಕಹಿಯೂ ಹುರಿದ ಬಾರ್ಲಿಯಿಂದಲೇ ಅಲ್ಲವೇ ಬರುವುದು? ಒಂದು ಹಿಡಿ ಬಾರ್ಲಿಯನ್ನು ಒಣ ಬಾಣಲೆಯಲ್ಲಿ ಕಾಫಿಯ ಬಣ್ಣ ಬರುವವರೆಗೆ ಹುರಿದಳು. ಎಲುಬಿನ ಸಾರಿನಲ್ಲಿ ಅದನ್ನು ಕುದಿಸಿ ಸೋಸಿದಳು. ಹುಳಿಗೆ ಒಂದು ಚಮಚ ವಿನಿಗರು, ಸಿಹಿಗೆ ಒಂದು ಚಮಚ ಕಾಕಂಬಿ. ಉಳಿದುದೆಲ್ಲ ತಾಯಿಯ ಕ್ರಮದಂತೆಯೇ. ಎರಡೂವರೆ ಗಂಟೆಯ ಮೇಲೆ ಮುಚ್ಚಳ ತೆಗೆದು ರುಚಿ ನೋಡಿದಳು. ಚೆನ್ನಾಗಿತ್ತು. ತಾಯಿಯದಾಗಿರಲಿಲ್ಲ.

ತಮ್ಮ ಬಂದ. ಕೂದಲು ನರೆತಿತ್ತು, ಕೋಟನ್ನು ಇಸ್ತ್ರಿ ಮಾಡಿಸಿದ್ದ. ಯಾರೂ ಹಳೆಯ ಮಾತೆತ್ತಲಿಲ್ಲ. ಎರಡು ತುತ್ತು ತಿಂದು ಚಮಚವನ್ನು ಹಿಡಿದು ನಿಂತವನು,

“ಅಮ್ಮನ ರುಚಿ ಇಲ್ಲ” ಎಂದ.

“ಇಲ್ಲ” ಎಂದಳು ಅಕ್ಕ.

“ನನ್ನಿಂದಾಗಿ.”

“ಹೌದು, ನಿನ್ನಿಂದಾಗಿ. ನೀನು ಬಂದದ್ದರಿಂದ.”

ಅವನು ತಲೆ ತಗ್ಗಿಸಿ ತಿನ್ನುವುದನ್ನು ಮುಂದುವರಿಸಿದ. ಮಗಳು ಆಲೂಗೆಡ್ಡೆಯ ಬಟ್ಟಲನ್ನು ಮಾವನ ಕಡೆಗೆ ತಳ್ಳಿದಳು. ಅವನು ಎರಡನೆಯ ಸಲ ಹಾಕಿಸಿಕೊಂಡ. ಮೂರನೆಯ ಸಲ ಪಾತ್ರೆಯನ್ನೇ ಹತ್ತಿರಕ್ಕೆ ಎಳೆದುಕೊಂಡು, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ ಬ್ರೆಡ್ಡಿನ ತುಂಡಿನಿಂದ ಅದರ ಅಂಚನ್ನು ಒರಸತೊಡಗಿದ. ಅದಕ್ಕೆ ಅವಳು ಬೈಯಲಿಲ್ಲ, ತಾಯಿಯಾಗಿದ್ದರೆ ಬೈಯುತ್ತಿದ್ದಳು.

ಎಲ್ಲವೂ ಸರಿಹೋಯಿತೆಂದು ಹೇಳುವಂತಿಲ್ಲ. ಒಡೆದ ಸಂಸಾರ ಒಂದು ಊಟದಿಂದ ಕೂಡುವುದಿಲ್ಲ. ಅವನ ಹೆಂಡತಿ ಮಕ್ಕಳು ದೂರದಲ್ಲಿಯೇ ಇದ್ದಾರೆ. ನಾಳೆಯ ದಿನವನ್ನು ಅವನು ನಾಳೆಯೇ ಗೆಲ್ಲಬೇಕು. ಆದರೆ ಈಗ ಎರಡು ವಾರಕ್ಕೊಮ್ಮೆ ಅವನು ಆ ದಿಣ್ಣೆ ಹತ್ತಿ ಬರುತ್ತಾನೆ. ಅಡಿಗೆಮನೆಯ ಸಡಿಲವಾದ ಬಾಗಿಲನ್ನು ಸರಿಮಾಡಿಕೊಟ್ಟಿದ್ದಾನೆ.

ಅಡಿಗೆಯ ಸಂಪ್ರದಾಯವೆಂದರೆ ಹಿರಿಯರು ಹಾಕಿದ್ದನ್ನೆಲ್ಲ ತೂಕ ತಪ್ಪದೆ ಹಾಕುವುದೆಂದು ತಿಳಿದವರುಂಟು. ಹಾಗಿದ್ದಿದ್ದರೆ ಐರಿಷರು ಇನ್ನೂ ಓಟ್ಸ್ ಗಂಜಿಯಲ್ಲಿಯೇ ಇರುತ್ತಿದ್ದರು. ಹಸುವನ್ನು ಕಾದವರು ಕಾಲಾಂತರದಲ್ಲಿ ಅದನ್ನು ಮಾರಿದರು, ಉಪ್ಪು ಹಾಕಿದರು, ಹಸಿದು ಹಡಗು ಹತ್ತಿದರು, ಕಡೆಗೆ ಭಾನುವಾರಕ್ಕೊಂದು ಪಾತ್ರೆ ಇಟ್ಟರು. ಪ್ರತಿಯೊಂದು ತಲೆಮಾರೂ ಆ ಪಾತ್ರೆಯಲ್ಲಿ ಏನನ್ನೋ ಹಾಕಿತು, ಏನನ್ನೋ ಬಿಟ್ಟಿತು. ತಾಯಿ ಅದನ್ನು ಒಲೆಗೇರಿಸುತ್ತಿದ್ದದ್ದು ಬಿಯರಿನ ಸಲುವಾಗಿಯಲ್ಲ, ಭಾನುವಾರ ಎಲ್ಲರೂ ಒಂದೆಡೆ ಕೂರಲೆಂದು.

ಹಳೆಯ ಪುಸ್ತಕದಲ್ಲಿ ‘ಸ್ಟೌಟ್, ಒಂದು ಬಾಟಲಿ’ ಎಂಬ ಸಾಲು ಹಾಗೆಯೇ ಇದೆ. ಅದನ್ನು ಅವಳು ಹೊಡೆದುಹಾಕಲಿಲ್ಲ. ಅದರ ಕೆಳಗೆ, ಶಾಲೆಯ ಹಲಗೆಯ ಮೇಲೆ ಬರೆದು ಪಳಗಿದ ದುಂಡಕ್ಷರದಲ್ಲಿ, ‘ಅಥವಾ ಹುರಿದ ಬಾರ್ಲಿ, ಒಂದು ಹಿಡಿ’ ಎಂದು ಸೇರಿಸಿದ್ದಾಳೆ.